ಗೇರ್‌ಬಾಕ್ಸ್ ಕಾದು ಬಿಸಿಯಾಗುತ್ತಿದೆಯೇ? ಕೆರೆ ಅಂಗಳಕ್ಕೂ ಬೆಟ್ಟಕ್ಕೂ ಆಟೋಮ್ಯಾಟಿಕ್ ಗಾಡಿ ಒಯ್ಯುವವರಿಗೆ ಒಂದು ದೋಷ ನಿವಾರಣೆ ಕೈಪಿಡಿ

ಶಿರಾ ಕಡೆಯ ಒಂದು ಬತ್ತಿದ ಕೆರೆ. ಏಪ್ರಿಲ್ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಅಂಗಳದ ಮರಳಿನಿಂದ ಏರಿ ಮೇಲೆ ಹತ್ತಿಸಲು ನಾನು ನಾಲ್ಕನೇ ಸಲ ಆಕ್ಸಿಲರೇಟರ್ ಒತ್ತುತ್ತಿದ್ದೆ. ಆಗ ಡ್ಯಾಶ್‌ಬೋರ್ಡಿನಲ್ಲಿ ಅದುವರೆಗೆ ನೋಡಿರದ ದೀಪವೊಂದು ಹೊತ್ತಿತು: ಗೇರ್‌ಬಾಕ್ಸ್ ಎಣ್ಣೆ ಅತಿ ಬಿಸಿಯಾಗಿದೆ ಎನ್ನುವ ದೀಪ. ಗಾಬರಿಯಲ್ಲಿ ಕೀಲಿ ತಿರುಗಿಸಿ ಇಂಜಿನ್ ಆಫ್ ಮಾಡಿಬಿಟ್ಟೆ. ಅದೇ ತಪ್ಪಾಯಿತು. ಆಮೇಲೆ ಒಂದು ಗ್ಯಾರೇಜಿನಲ್ಲಿ "ದೊಡ್ಡ ಕೂಲರ್ ಹಾಕಿಸಿ ಸಾರ್, ಎಲ್ಲ ಸರಿಹೋಗುತ್ತೆ" ಅಂದರು. ಗೇರ್‌ಬಾಕ್ಸ್ ಎಣ್ಣೆ ತಣಿಸುವ ಆ ಕೂಲರ್ ಹಾಕಿಸಿದೆ. ಮುಂದಿನ ತಿಂಗಳು ಅದೇ ಕೆರೆ, ಅದೇ ದೀಪ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗಿತ್ತು. ನಿಜವಾದ ಕಾರಣ ಎರಡಿತ್ತು: ನಾನು ಗಾಡಿಯನ್ನು ಫೋರ್ ಹೈನಲ್ಲೇ (ನಾಲ್ಕೂ ಗಾಲಿ ಎಳೆಯುವ, ಆದರೆ ವೇಗದ ಗೇರ್ ಸಾಲಿನಲ್ಲೇ) ಇಟ್ಟುಕೊಂಡು ಒದ್ದಾಡುತ್ತಿದ್ದದ್ದು, ರೇಡಿಯೇಟರ್ ಮುಂದೆ ಕೆಮ್ಮಣ್ಣು ಗಾರೆಯಂತೆ ಮೆತ್ತಿಕೊಂಡಿದ್ದದ್ದು. ಎರಡನ್ನೂ ಸರಿಮಾಡಲು ಒಂದು ರೂಪಾಯಿ ಖರ್ಚಿರಲಿಲ್ಲ.

ಅದಕ್ಕೇ ಈ ಬರಹ ಪುಕ್ಕಟೆ ಪರೀಕ್ಷೆಗಳಿಂದ ಶುರುವಾಗಿ, ಗೇರ್‌ಬಾಕ್ಸ್ ತಳದ ಎಣ್ಣೆ ತಟ್ಟೆ, ಅಂದರೆ ಪ್ಯಾನ್, ಬಿಚ್ಚಿಸುವ ಕೆಲಸ ಕೊನೆಗೆ ಬರುತ್ತದೆ. ಇಲ್ಲಿ ಹೇಳಿರುವುದೆಲ್ಲ ಟಾರ್ಕ್ ಕನ್ವರ್ಟರ್ ಇರುವ ಆಟೋಮ್ಯಾಟಿಕ್‌ಗಳಿಗೆ. ಜಿಮ್ನಿಯ ನಾಲ್ಕು ಗೇರಿನದು, ಥಾರ್, ಸ್ಕಾರ್ಪಿಯೋ-ಎನ್, ಫಾರ್ಚೂನರ್‌ಗಳ ಆರು ಗೇರಿನವು ಈ ಜಾತಿಗೆ ಸೇರಿದವು. ಎಎಂಟಿ, ಸಿವಿಟಿ, ಡ್ಯುಯಲ್ ಕ್ಲಚ್ ಎಂಬ ಬೇರೆ ಬಗೆಯ ಆಟೋಮ್ಯಾಟಿಕ್ ಇರುವವರ ಕಥೆಯೇ ಬೇರೆ.

ಶಾಖ ಬರುವುದು ಎಲ್ಲಿಂದ

ಇದೊಂದು ಅರ್ಥವಾದರೆ ಮುಂದಿನ ಅರ್ಧ ಕೆಲಸ ತಾನಾಗಿಯೇ ಆಗುತ್ತದೆ. ಟಾರ್ಕ್ ಕನ್ವರ್ಟರ್ ಎಂದರೆ ಎಣ್ಣೆ ತುಂಬಿದ ಮುಚ್ಚಿದ ಡಬ್ಬಿ. ಒಳಗೆ ಎದುರುಬದುರು ರೆಕ್ಕೆಚಕ್ರಗಳು. ಇಂಜಿನ್ ಒಂದನ್ನು ಕಡಗೋಲಿನಂತೆ ತಿರುಗಿಸುತ್ತದೆ, ಎಣ್ಣೆ ಸುತ್ತಿ ಬಂದು ಇನ್ನೊಂದನ್ನು ತಳ್ಳುತ್ತದೆ, ಗೇರ್‌ಬಾಕ್ಸ್ ತಿರುಗುತ್ತದೆ. ಎರಡೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ತಿರುಗಿದರೆ ತೊಂದರೆಯಿಲ್ಲ. ಇಂಜಿನ್ ಕಡೆಯದು ನಿಮಿಷಕ್ಕೆ 2,000 ಸುತ್ತು (ಆರ್‌ಪಿಎಂ) ತಿರುಗುತ್ತಿದ್ದು ಗಾಲಿ ಕಡೆಯದು ನಿಂತೇ ಇದ್ದರೆ, ಇಂಜಿನ್ ಕೊಟ್ಟ ಶಕ್ತಿಯೆಲ್ಲ ಎಣ್ಣೆಯನ್ನು ಕಡೆಯುವುದಕ್ಕೇ ಹೋಗಿ ಶಾಖವಾಗುತ್ತದೆ.

ಎಷ್ಟು ಶಾಖ? 2,000 ಆರ್‌ಪಿಎಂನಲ್ಲಿ ಇಂಜಿನ್ 150 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತಿದೆ ಎಂದಿಟ್ಟುಕೊಳ್ಳಿ. ಅದು ಸುಮಾರು 31 ಕಿಲೋವ್ಯಾಟ್. ಬಚ್ಚಲುಮನೆಯ ಗೀಸರ್ 2 ಕಿಲೋವ್ಯಾಟಿನದು. ಅಂದರೆ ಹದಿನೈದು ಗೀಸರ್ ಒಟ್ಟಿಗೆ ಹಾಕಿದಷ್ಟು ಶಾಖ, ಅದೂ ಏಳೆಂಟು ಲೀಟರ್ ಎಣ್ಣೆಗೆ. ಎಣ್ಣೆಯ ಉಷ್ಣತೆ ಸೆಕೆಂಡಿಗೆ ಒಂದೆರಡು ಡಿಗ್ರಿ ಏರುತ್ತದೆ. ಅರ್ಧ ನಿಮಿಷ ಹಾಗೇ ಒತ್ತಿ ಹಿಡಿದರೆ ಏನಾಗುತ್ತದೆಂದು ನೀವೇ ಲೆಕ್ಕ ಹಾಕಿ. ಎಂಥ ದೊಡ್ಡ ಕೂಲರ್ ಆದರೂ ಅದಕ್ಕೆ ಸಮನಲ್ಲ.

ಎಣ್ಣೆ 80ರಿಂದ 100 ಡಿಗ್ರಿ ಒಳಗೆ ಇದ್ದರೆ ಆರೋಗ್ಯ. ಬಿಸಿಲಲ್ಲಿ ಏರು ಹತ್ತುವಾಗ 110 ಮುಟ್ಟಿ ಇಳಿದರೆ ಚಿಂತೆಯಿಲ್ಲ. 120 ದಾಟಿದರೆ ನಿಲ್ಲಿಸಿ ತಣಿಸಬೇಕು. ಅದಕ್ಕಿಂತ ಮೇಲೆ ಹೋದಷ್ಟೂ ಎಣ್ಣೆ ಅಂಟಾಗುತ್ತದೆ, ರಬ್ಬರ್ ಸೀಲ್ ಗಟ್ಟಿಯಾಗುತ್ತದೆ, 150ರ ಸುತ್ತ ಗೇರ್‌ಬಾಕ್ಸ್ ಒಳಗಿನ ಕ್ಲಚ್ ಪ್ಲೇಟಿಗೆ ಅಂಟಿಸಿದ ಹಿಡಿತದ ಪದರ, ಅಂದರೆ ಲೈನಿಂಗ್, ಸುಡತೊಡಗುತ್ತದೆ. ದೀಪ ಯಾವ ಉಷ್ಣತೆಗೆ ಹೊತ್ತುತ್ತದೆ ಎನ್ನುವುದು ಗಾಡಿಯಿಂದ ಗಾಡಿಗೆ ಬೇರೆ. ದೀಪ ಹೊತ್ತುವ ಹೊತ್ತಿಗೆ ತಡವಾಗಿರುತ್ತದೆ ಎಂದೇ ತಿಳಿಯಿರಿ.

ದೀಪ ಈಗ ತಾನೇ ಹೊತ್ತಿದೆ

ಇಂಜಿನ್ ಆಫ್ ಮಾಡಬೇಡಿ. ಎಣ್ಣೆಯನ್ನು ಕೂಲರ್‌ಗೆ ತಳ್ಳುವ ಪಂಪ್ ತಿರುಗುವುದು ಇಂಜಿನ್‌ನಿಂದಲೇ. ಇಂಜಿನ್ ನಿಂತರೆ ಕುದಿಯುವ ಎಣ್ಣೆ ಇದ್ದಲ್ಲೇ ನಿಂತು ಅಲ್ಲೇ ಎಲ್ಲವನ್ನೂ ಸುಡುತ್ತದೆ. ಸಮತಟ್ಟಾದ ಜಾಗಕ್ಕೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಲಿವರ್ ಪಿ-ಗೆ ಹಾಕಿ, ಎಸಿ ಆಫ್ ಮಾಡಿ, ಬಾನೆಟ್ ಎತ್ತಿ, ಇಂಜಿನ್ ಐಡಲ್‌ನಲ್ಲಿ ಬಿಡಿ. ಹತ್ತು ಹದಿನೈದು ನಿಮಿಷದಲ್ಲಿ ದೀಪ ಆರಬೇಕು. ಆರಿದ ಮೇಲೂ ಇನ್ನಷ್ಟು ಹೊತ್ತು ಕಾಯಿರಿ. ಒಳಗಿನ ಕಬ್ಬಿಣ ಎಣ್ಣೆಯಷ್ಟು ಬೇಗ ತಣಿಯುವುದಿಲ್ಲ.

ಇದಕ್ಕೆ ಒಂದು ಅಪವಾದವಿದೆ. ಇಂಜಿನ್ನಿನ ಉಷ್ಣತೆಯ ಮುಳ್ಳೂ ಕೆಂಪಿಗೆ ಹೋಗಿದ್ದರೆ, ಅಥವಾ ಬಾನೆಟ್‌ನಿಂದ ಹಬೆ ಬರುತ್ತಿದ್ದರೆ, ಇಂಜಿನ್ ತಣಿಸುವ ದ್ರವ, ಅಂದರೆ ಕೂಲೆಂಟ್, ಸೋರಿರಬಹುದು. ಆಗ ಕೂಡಲೇ ಆಫ್ ಮಾಡಿ. ಗೇರ್‌ಬಾಕ್ಸಿಗಿಂತ ಇಂಜಿನ್ ಉಳಿಸಿಕೊಳ್ಳುವುದು ಮೊದಲು.

ಇನ್ನು ಎಚ್ಚರಿಕೆಗಳು. ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯಬೇಡಿ, ಮುಖದ ಮೇಲೆಲ್ಲ ಎರಚುತ್ತದೆ. ಕಾದ ಗೇರ್‌ಬಾಕ್ಸಿಗೆ ಬಿಂದಿಗೆ ನೀರು ಸುರಿಯಬೇಡಿ, ಹೊರಕವಚ ಸೀಳಬಹುದು. ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಫೆಬ್ರವರಿಯಿಂದ ಮೇವರೆಗೆ ದೇವರಾಯನದುರ್ಗ, ಮಧುಗಿರಿ, ನಂದಿ ಸುತ್ತಿನ ಗುಡ್ಡಗಳ ಹುಲ್ಲು ಕಡ್ಡಿಪೆಟ್ಟಿಗೆ ಇದ್ದ ಹಾಗಿರುತ್ತದೆ. ಸೈಲೆನ್ಸರ್ ಪೈಪ್ ತಾಗಿದರೆ ಸಾಕು, ಅದರ ಮೇಲೆ ಎಣ್ಣೆ ತೊಟ್ಟಿಕ್ಕುತ್ತಿದ್ದರಂತೂ ಕೇಳುವುದೇ ಬೇಡ. ಗಾಡಿಯಲ್ಲಿ ಒಂದು ಅಗ್ನಿಶಾಮಕ ಡಬ್ಬಿ ಇರಲಿ.

ಟ್ರಾನ್ಸ್‌ಫರ್ ಕೇಸ್ (ಗೇರ್‌ಬಾಕ್ಸಿನ ಬಲವನ್ನು ಮುಂದಿನ-ಹಿಂದಿನ ಗಾಲಿಗಳಿಗೆ ಹಂಚುವ ಪೆಟ್ಟಿಗೆ) ನ್ಯೂಟ್ರಲ್‌ನಲ್ಲಿದ್ದರೆ ಪಿ ಹಾಕಿದರೂ ಗಾಡಿ ಉರುಳುತ್ತದೆ. ಪಿ ಹಿಡಿದುಕೊಳ್ಳುವುದು ಗೇರ್‌ಬಾಕ್ಸನ್ನು, ಗಾಲಿಗಳನ್ನಲ್ಲ. ಗಾಡಿಯ ಕೆಳಗೆ ನುಗ್ಗುವ ಮುನ್ನ ಗಾಲಿಗೆ ಎರಡೂ ಕಡೆ ಕಲ್ಲು ಕೊಡಿ. ಬರಿಯ ಜಾಕಿ ಮೇಲೆ ನಿಂತ ಗಾಡಿಯ ಕೆಳಗೆ ಮಲಗಬೇಡಿ.

ಮರಳಲ್ಲಿ, ಬಂಡೆ ಮೇಲೆ, ಏರಿನಲ್ಲಿ ಮಾತ್ರ ಕಾಯುತ್ತದೆ; ಊರೊಳಗೆ, ಹೈವೇಯಲ್ಲಿ ಸರಿಯಿರುತ್ತದೆ

ಹತ್ತರಲ್ಲಿ ಏಳು ಜನ ಹೇಳುವ ದೂರು ಇದು. ಇಲ್ಲಿ ಗಾಡಿಯಲ್ಲಿ ದೋಷವೇ ಇಲ್ಲದಿರುವ ಸಂಭವ ಜಾಸ್ತಿ. ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ, ನನಗೂ ಬಂದಿತ್ತು.

ಮೊದಲು ನೋಡಬೇಕಾದ್ದು ಫೋರ್ ಲೋ, ಅಂದರೆ ನಾಲ್ಕೂ ಗಾಲಿ ಎಳೆಯುವ ನಿಧಾನದ ಗೇರ್ ಸಾಲು. ಲೋಗೆ ಹಾಕಿದರೆ ಸಾಮಾನ್ಯವಾಗಿ ಗಾಲಿಗೆ ಎರಡರಿಂದ ಎರಡೂವರೆ ಪಟ್ಟು ಬಲ ಸಿಗುತ್ತದೆ. ಅಂದರೆ ಅದೇ ಬಂಡೆ ಹತ್ತಲು ಇಂಜಿನ್ ಅಷ್ಟು ಕಡಿಮೆ ಒದ್ದಾಡಬೇಕು, ಕನ್ವರ್ಟರ್ ಒಳಗಿನ ಜಾರಾಟ ಅಷ್ಟು ಕಡಿಮೆ, ಶಾಖವೂ ಕಡಿಮೆ. "ಫೋರ್ ಹೈನಲ್ಲೇ ಎಳೀತಲ್ಲ, ಲೋ ಯಾಕೆ" ಎನ್ನುವವರು ನಮ್ಮ ಗುಂಪಿನಲ್ಲೂ ಇದ್ದಾರೆ. ಎಳೆಯುತ್ತದೆ, ಸುಳ್ಳಲ್ಲ. ಎಣ್ಣೆ ಬೇಯಿಸಿಕೊಂಡು ಎಳೆಯುತ್ತದೆ. ಗಂಟೆಗೆ 15 ಕಿ.ಮೀ.ಗಿಂತ ನಿಧಾನವಾಗಿ, ಗಟ್ಟಿಯಾಗಿ ಆಕ್ಸಿಲರೇಟರ್ ಒತ್ತಬೇಕಾದ ಜಾಗ ಬಂದರೆ ಅದು ಲೋ ಜಾಗ. ಜೊತೆಗೆ ಮ್ಯಾನುಯಲ್ ಮೋಡ್‌ನಲ್ಲಿ ಒಂದನೇ ಅಥವಾ ಎರಡನೇ ಗೇರ್ ಹಿಡಿದಿಡಿ. ಗೇರ್‌ಬಾಕ್ಸ್ ಒಂದು-ಎರಡು, ಎರಡು-ಒಂದು ಎಂದು ಒದ್ದಾಡುವುದು ತಪ್ಪುತ್ತದೆ.

ಆದರೆ ದೇವರಾಯನದುರ್ಗದ ಘಾಟಿಯಲ್ಲೋ 1,478 ಮೀಟರ್ ಎತ್ತರದ ನಂದಿಬೆಟ್ಟದ ತಿರುವುಗಳಲ್ಲೋ ಫೋರ್ ಲೋ ಹಾಕಬೇಡಿ. ಒಣ ಡಾಂಬರಿನ ಮೇಲೆ ಮುಂದಿನ-ಹಿಂದಿನ ಗಾಲಿಗಳು ಒಂದನ್ನೊಂದು ತಿರುಚಿ ಬೇರೆಯದೇ ರಿಪೇರಿ ತರುತ್ತವೆ. ಅಲ್ಲಿ ಟೂ ಹೈನಲ್ಲೇ (ಎರಡೇ ಗಾಲಿ ಎಳೆಯುವ ಸ್ಥಿತಿಯಲ್ಲೇ) ಕೆಳಗಿನ ಗೇರ್ ಹಿಡಿದರೆ ಸಾಕು. ಭಾನುವಾರ ಬೆಳಗ್ಗೆ ನಂದಿ ದಾರಿಯಲ್ಲಿ ಗಾಡಿಗಳ ಸಾಲು ನಿಂತು ನಿಂತು ಹೋಗುತ್ತದಲ್ಲ, ಅಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಸ್ವಲ್ಪ ಒತ್ತಿಕೊಂಡು ಏರಿನಲ್ಲಿ ಗಾಡಿಯನ್ನು ನಿಲ್ಲಿಸಿಕೊಂಡಿರುವ ಅಭ್ಯಾಸ ಹಲವರಿಗಿದೆ. ಅದು ಗೀಸರ್ ಆನ್ ಮಾಡಿಟ್ಟ ಹಾಗೆಯೇ. ಏರಿನಲ್ಲಿ ನಿಲ್ಲುವಾಗ ಬ್ರೇಕ್‌ನಲ್ಲೇ ನಿಲ್ಲಿ.

ಎರಡನೆಯದು ಟೈರಿನ ಗಾಳಿ. ಕೆರೆ ಅಂಗಳದ ಮರಳಿಗೆ 32 ಪಿಎಸ್‌ಐ ಗಾಳಿ ಇಟ್ಟುಕೊಂಡು ಹೋದರೆ ಟೈರ್ ಅಗೆದುಕೊಂಡು ಇಳಿಯುತ್ತದೆ. 18ರಿಂದ 20ಕ್ಕೆ ಇಳಿಸಿ ನೋಡಿ, ಅದೇ ಗಾಡಿ ಅದೇ ಮರಳಿನಲ್ಲಿ ಅರ್ಧ ಆಕ್ಸಿಲರೇಟರಿಗೆ ತೇಲುತ್ತದೆ. ಗಾಳಿ ಇಳಿಸಿದ ಮೇಲೆ ತಿರುವಿನಲ್ಲಿ ರಭಸ ಬೇಡ, ಟೈರ್ ರಿಮ್‌ನಿಂದ ಕಳಚಬಹುದು. ಡಾಂಬರಿಗೆ ಹತ್ತುವ ಮುನ್ನ ಮತ್ತೆ ತುಂಬಿಸಿ.

ಮೂರನೆಯದು ಸಿಕ್ಕಿಕೊಂಡಾಗಿನ ನಡವಳಿಕೆ. ಡಿ, ಆರ್, ಡಿ, ಆರ್ ಎಂದು ತೊಟ್ಟಿಲು ತೂಗುವುದು ಮ್ಯಾನುಯಲ್ ಜೀಪಿನ ಕಾಲದ ವಿದ್ಯೆ. ಆಟೋಮ್ಯಾಟಿಕ್‌ನಲ್ಲಿ ಎರಡು ಮೂರು ಸಲಕ್ಕೆ ಬರಲಿಲ್ಲವೆಂದರೆ ಸಲಿಕೆ ತೆಗೆಯಿರಿ, ಇಲ್ಲವೇ ಹಗ್ಗ ತೆಗೆಯಿರಿ. ಪಕ್ಕದ ಹೊಲದಲ್ಲಿ ಟ್ರ್ಯಾಕ್ಟರ್ ಇದ್ದರೆ "ಅಣ್ಣ, ಸ್ವಲ್ಪ ಎಳೀತೀರಾ" ಎಂದು ಕೇಳುವುದರಲ್ಲಿ ಅವಮಾನವೇನಿಲ್ಲ.

ನಾಲ್ಕನೆಯದು ದೊಡ್ಡ ಟೈರ್. ಕಂಪನಿ ಕೊಟ್ಟದ್ದಕ್ಕಿಂತ ಎರಡು ಇಂಚು ಎತ್ತರದ್ದು ಹಾಕಿಸಿದ್ದರೆ ಗೇರ್ ಅನುಪಾತ ಉದ್ದವಾದಂತೆ, ಕನ್ವರ್ಟರ್ ಹೆಚ್ಚು ಜಾರುತ್ತದೆ. ಅದರ ಜೊತೆ ಛಾವಣಿ ಮೇಲೆ ಟೆಂಟು, ಹಿಂದೆ ನೀರಿನ ಕ್ಯಾನು, ಮುಂದೆ ವಿಂಚು. ಹೊರೆ ಇಳಿಸಿ ಒಂದು ಸುತ್ತು ಹೋಗಿ ನೋಡಿ.

ಇಷ್ಟೆಲ್ಲ ಸರಿಮಾಡಿಕೊಂಡ ಮೇಲೂ ಅದೇ ಜಾಗದಲ್ಲಿ ಕಾದರೆ ಮಾತ್ರ ಮುಂದಕ್ಕೆ ಓದಿ.

ಮುಂಚೆ ಇರಲಿಲ್ಲ, ಈಗ ಎಲ್ಲಿ ಹೋದರೂ ಬೇಗ ಕಾಯುತ್ತದೆ

ಕೂಲರ್ ಉಸಿರಾಡುತ್ತಿಲ್ಲ ಎಂದು ಅನುಮಾನಿಸಿ. ಎಣ್ಣೆ ತಣಿಯುವುದು ರೇಡಿಯೇಟರ್ ತೊಟ್ಟಿಯೊಳಗಿನ ಸುರುಳಿಯಲ್ಲಿ ಇರಬಹುದು, ಮುಂದುಗಡೆ ಪ್ರತ್ಯೇಕ ಕೂಲರ್‌ನಲ್ಲಿ ಇರಬಹುದು, ಎರಡರಲ್ಲೂ ಇರಬಹುದು. ಹೇಗಿದ್ದರೂ ಗಾಳಿ ಆಡಬೇಕು.

ಗ್ರಿಲ್‌ನಿಂದ ಇಣುಕಿ ನೋಡಿದರೆ ಸಾಲದು. ಮೋಸ ಇರುವುದು ಎಸಿ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವಿನ ಸಂದಿಯಲ್ಲಿ. ಹೊರಗಿನಿಂದ ಕಂಡೆನ್ಸರ್ ಸ್ವಚ್ಛವಾಗಿ ಕಾಣುತ್ತದೆ, ಹಿಂದೆ ಕೆಮ್ಮಣ್ಣು, ಹುಲ್ಲಿನ ಬೀಜ, ರಾಗಿ ತೆನೆಯ ಹೊಟ್ಟು ಸೇರಿ ಕಂಬಳಿ ಹೊದೆಸಿದಂತೆ ಕೂತಿರುತ್ತದೆ. ಸುಗ್ಗಿಯಲ್ಲಿ ರಸ್ತೆ ಮೇಲೆ ಹರಡಿದ ರಾಗಿ, ಹುರುಳಿ ಮೇಲೆ ಗಾಡಿ ಓಡಿಸಿದವರಿಗೆ ಇದು ಖಂಡಿತ. ಬ್ಯಾಟರಿ ಬೆಳಕನ್ನು ಇಂಜಿನ್ ಕಡೆಯಿಂದ ಹಿಡಿದು ಮುಂದಿನಿಂದ ನೋಡಿ. ಬೆಳಕು ತೂರಿ ಬರಬೇಕು.

ತೊಳೆಯುವುದು ಇಂಜಿನ್ ತಣ್ಣಗಾದ ಮೇಲೆ, ತೋಟಕ್ಕೆ ನೀರು ಬಿಡುವ ಪೈಪಿನಲ್ಲಿ, ಇಂಜಿನ್ ಕಡೆಯಿಂದ ಹೊರಕ್ಕೆ. ವಾಟರ್ ಸರ್ವಿಸ್ ಹುಡುಗ ಗನ್ ಹಿಡಿದು ಹತ್ತಿರದಿಂದ ಹೊಡೆದರೆ ತೆಳು ರೆಕ್ಕೆಗಳೆಲ್ಲ ಮಡಚಿಕೊಂಡು ಕೂಲರ್ ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಅವನ ಪಕ್ಕ ನಿಂತು ಹೇಳಿ ತೊಳೆಸಿ.

ಆಮೇಲೆ ಫ್ಯಾನ್. ಎಸಿ ಹಾಕಿ ನಿಲ್ಲಿಸಿದರೆ ಎಲೆಕ್ಟ್ರಿಕ್ ಫ್ಯಾನ್ ತಿರುಗಬೇಕು. ಬೆಲ್ಟಿನಿಂದ ತಿರುಗುವ ದೊಡ್ಡ ಫ್ಯಾನ್ ಆಗಿದ್ದರೆ, ಇಂಜಿನ್ ಪೂರ್ತಿ ಆಫ್ ಆಗಿ, ಕೀಲಿ ನಿಮ್ಮ ಜೇಬಿನಲ್ಲಿದ್ದಾಗ, ಕೈಯಲ್ಲಿ ತಿರುಗಿಸಿ ನೋಡಿ. ಬಿಸಿ ಇಂಜಿನ್‌ನಲ್ಲಿ ಸ್ವಲ್ಪ ಬಿಗಿ ಹಿಡಿಯಬೇಕು. ಗಿರಗಟ್ಟಲೆಯಂತೆ ಸುಮ್ಮನೆ ಸುತ್ತಿದರೆ ಫ್ಯಾನನ್ನು ಇಂಜಿನ್‌ಗೆ ಹಿಡಿಸುವ ವಿಸ್ಕಸ್ ಕ್ಲಚ್ ಸತ್ತಿದೆ. ಎಲೆಕ್ಟ್ರಿಕ್ ಫ್ಯಾನಿಗೆ ಮಾತ್ರ ಕೈ ಹಾಕಬೇಡಿ. ಇಂಜಿನ್ ಆಫ್ ಇದ್ದರೂ ಅದು ತಾನಾಗಿ ತಿರುಗಬಹುದು.

ಗ್ರಿಲ್ ಮುಂದೆ ನಾಲ್ಕು ದುಂಡು ದೀಪ, ಅಗಲದ ನಂಬರ್ ಪ್ಲೇಟು, ಸಂಘದ ಬ್ಯಾನರು ಕಟ್ಟಿದ್ದರೆ ಒಂದು ವಾರ ಬಿಚ್ಚಿಟ್ಟು ನೋಡಿ. ಜುಟ್ಟಿಗೆ ಮಲ್ಲಿಗೆ ಆಮೇಲೆ.

ಇದರ ನಂತರದ ಪರೀಕ್ಷೆಗೆ ಸಾವಿರ ರೂಪಾಯಿ ಆಸುಪಾಸಿನ ಉಷ್ಣತೆ ಅಳೆಯುವ ಗನ್ ಬೇಕು. ಅರ್ಧ ಗಂಟೆ ಓಡಿಸಿ ಬಂದು, ಕೂಲರ್‌ಗೆ ಹೋಗುವ ಪೈಪು, ವಾಪಸ್ ಬರುವ ಪೈಪು ಎರಡಕ್ಕೂ ಗುರಿಯಿಟ್ಟು ಅಳೆಯಿರಿ. ಹೋಗುವುದಕ್ಕಿಂತ ಬರುವುದು ಸ್ಪಷ್ಟವಾಗಿ ತಣ್ಣಗಿದ್ದರೆ ಕೂಲರ್ ಕೆಲಸ ಮಾಡುತ್ತಿದೆ. ಎರಡೂ ಒಂದೇ ಬಿಸಿ ಇದ್ದರೆ ಗಾಳಿ ಆಡುತ್ತಿಲ್ಲ. ಒಂದು ಸುಡುತ್ತಿದ್ದು ಇನ್ನೊಂದು ಬಹುತೇಕ ತಣ್ಣಗೇ ಇದ್ದರೆ ಎಣ್ಣೆ ಹರಿಯುತ್ತಿಲ್ಲ: ಪೈಪ್ ಬಂಡೆಗೆ ಬಡಿದು ಚಪ್ಪಟೆಯಾಗಿದೆ, ಕೂಲರ್ ಒಳಗೆ ಕಸ ಕಟ್ಟಿದೆ, ಅಥವಾ ಎಣ್ಣೆ ದಾರಿಯ ಥರ್ಮೋಸ್ಟಾಟ್ ಸಿಕ್ಕಿಕೊಂಡಿದೆ. ಕೋಲಾರದ ಅಂತರಗಂಗೆ ಕಡೆಯಂಥ ಕಲ್ಲುದಾರಿಯಲ್ಲಿ ಹೊಟ್ಟೆ ಬಡಿಸಿಕೊಂಡ ಗಾಡಿಗಳಲ್ಲಿ ಪೈಪ್ ಚಪ್ಪಟೆಯಾಗಿದ್ದನ್ನು ನಾನೇ ಎರಡು ಸಲ ನೋಡಿದ್ದೇನೆ. ಬಿಸಿ ಪೈಪನ್ನು ಕೈಯಲ್ಲಿ ಮುಟ್ಟಿ ನೋಡುವುದು ಬೇಡ, ಚರ್ಮ ಎದ್ದುಬರುತ್ತದೆ.

ಹೈವೇಯಲ್ಲೂ ಕಾಯುತ್ತದೆ, ಅಥವಾ 60ರಿಂದ 80ರ ವೇಗದಲ್ಲಿ ಗಾಡಿ ನಡುಗುತ್ತದೆ

ಬೆಂಗಳೂರಿನಿಂದ ಬಾಗೇಪಲ್ಲಿ ಕಡೆಗೆ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಆರಾಮಾಗಿ ಹೋಗುವಾಗ ಗೇರ್‌ಬಾಕ್ಸ್ ಕಾಯಬಾರದು. ಅಷ್ಟು ವೇಗಕ್ಕೆ ಕನ್ವರ್ಟರ್ ಒಳಗಿನ ಲಾಕ್-ಅಪ್ ಕ್ಲಚ್ ಕಚ್ಚಿಕೊಂಡು ಎರಡೂ ಚಕ್ರಗಳನ್ನು ಒಂದಾಗಿಸುತ್ತದೆ, ಜಾರಾಟ ನಿಲ್ಲುತ್ತದೆ. ಅದು ಕಚ್ಚದಿದ್ದರೆ ಹೈವೇಯಲ್ಲೂ ಎಣ್ಣೆ ಕಡೆಯುತ್ತಲೇ ಇರುತ್ತದೆ.

ನೀವೇ ಪತ್ತೆಹಚ್ಚಬಹುದು. ಸಮರಸ್ತೆಯಲ್ಲಿ ಒಂದೇ ವೇಗ ಹಿಡಿದು, ವೇಗ ಬದಲಾಗದಂತೆ ಆಕ್ಸಿಲರೇಟರನ್ನು ಕೂದಲೆಳೆಯಷ್ಟು ಹೆಚ್ಚಿಸಿ. ಲಾಕ್ ಆಗಿದ್ದರೆ ಆರ್‌ಪಿಎಂ ಮುಳ್ಳು ಮಿಸುಕುವುದಿಲ್ಲ. ಇನ್ನೂರು ಮುನ್ನೂರು ತಕ್ಷಣ ಎಗರಿದರೆ ಲಾಕ್ ಆಗಿಲ್ಲ. ಪಕ್ಕದಲ್ಲಿ ಕೂತವರು ಮುಳ್ಳು ನೋಡಲಿ, ಓಡಿಸುವವರು ರಸ್ತೆ ನೋಡಲಿ.

ನಡುಕ ಬೇರೆ. ರಸ್ತೆಯಲ್ಲಿ ಸಾಲು ಹಂಪ್‌ಗಳ ಮೇಲೆ ಹೋದಂತೆ ಒಂದೆರಡು ಸೆಕೆಂಡ್ ಗುರ್ರ್ ಎಂದು ನಡುಗಿ ನಿಂತರೆ, ಲಾಕ್-ಅಪ್ ಕ್ಲಚ್ ಕಚ್ಚುವಾಗ ಜಾರಿ ಜಾರಿ ಹಿಡಿಯುತ್ತಿದೆ. ಎಷ್ಟೋ ಸಲ ಹಳೆಯ, ಸುಟ್ಟ ಎಣ್ಣೆಯೇ ಕಾರಣ. ಸರಿಯಾದ ಹೊಸ ಎಣ್ಣೆ ಹಾಕಿದರೆ ನಿಲ್ಲುವುದುಂಟು. ಇದನ್ನು ಬೇಗ ಮಾಡಿಸಬೇಕು. ತಡಮಾಡಿದಷ್ಟೂ ಲೈನಿಂಗ್ ಉದುರಿ ಎಣ್ಣೆಗೆ ಸೇರುತ್ತದೆ.

ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡ್‌ಗಳನ್ನು ಫೋನಿನಲ್ಲಿ ತೋರಿಸುವ ಬ್ಲೂಟೂತ್ ಓಬಿಡಿ ರೀಡರ್ ಇದ್ದರೆ ಕೋಡ್ ಓದಿ. ಪಿ0218 ಎಂದರೆ ಎಣ್ಣೆ ಅತಿ ಬಿಸಿಯಾಗಿತ್ತು. ಪಿ0741 ಎಂದರೆ ಲಾಕ್-ಅಪ್ ಕೆಲಸ ಮಾಡುತ್ತಿಲ್ಲ. ಪಿ0711 ಎಂದರೆ ಉಷ್ಣತೆಯ ಸೆನ್ಸರ್ ಹೇಳುವುದು ನಂಬುವಂತಿಲ್ಲ. ಕೋಡ್ ಅಳಿಸುವ ಮುಂಚೆ ಫೋಟೋ ತೆಗೆದಿಡಿ, ಮೆಕ್ಯಾನಿಕ್‌ಗೆ ಅದು ಬೇಕು. ಆ ರೀಡರ್‌ನಲ್ಲೇ ಹಲವು ಗಾಡಿಗಳ ಗೇರ್‌ಬಾಕ್ಸ್ ಎಣ್ಣೆಯ ಉಷ್ಣತೆಯನ್ನು ಓಡುತ್ತಿರುವಾಗಲೇ ನೋಡಬಹುದು. ನನ್ನ ಮಟ್ಟಿಗೆ ದೊಡ್ಡ ಕೂಲರ್‌ಗಿಂತ ಆ ಅಂಕಿ ಹೆಚ್ಚು ಕೆಲಸಕ್ಕೆ ಬಂದಿದೆ. ಯಾವ ಏರಿನಲ್ಲಿ, ಯಾವ ಗೇರಿನಲ್ಲಿ ಎಷ್ಟು ಏರುತ್ತದೆಂದು ಕಣ್ಣಿಗೆ ಕಂಡರೆ ಕಾಲು ತಾನಾಗಿ ಹಗುರಾಗುತ್ತದೆ.

ಆರ್‌ಪಿಎಂ ಏರುತ್ತದೆ, ಗಾಡಿ ಏರುವುದಿಲ್ಲ. ಡಿ ಹಾಕಿದರೆ ತಡೆದು ಕಚ್ಚುತ್ತದೆ

ಈಗ ಜಾರುತ್ತಿರುವುದು ಕನ್ವರ್ಟರ್ ಅಲ್ಲ, ಗೇರ್‌ಬಾಕ್ಸ್ ಒಳಗಿನ ಕ್ಲಚ್ ಪ್ಲೇಟ್‌ಗಳು. ಎಣ್ಣೆ ಕಡಿಮೆಯಾಗಿ ಒತ್ತಡ ಬರುತ್ತಿಲ್ಲ, ಅಥವಾ ಎಣ್ಣೆ ಸುಟ್ಟು ಶಕ್ತಿ ಕಳೆದುಕೊಂಡಿದೆ, ಅಥವಾ ಪ್ಲೇಟ್ ಸವೆದಿದೆ. ಕಡುಏರಿನಲ್ಲಿ ಗಾಡಿ ವಾಲಿದಾಗ ಮಾತ್ರ ಹೀಗಾದರೆ ಎಣ್ಣೆ ಮಟ್ಟ ಕಡಿಮೆಯೆಂದು ಮೊದಲು ಅನುಮಾನಿಸಿ. ಎಣ್ಣೆಯೆಲ್ಲ ಹಿಂದಕ್ಕೆ ಸರಿದು ಪಂಪಿನ ಬಾಯಿಗೆ ಗಾಳಿ ಸಿಗುತ್ತಿರುತ್ತದೆ.

ಮಟ್ಟ ನೋಡುವ ಕ್ರಮ ಗಾಡಿಗೊಂದು. ಡಿಪ್‌ಸ್ಟಿಕ್ ಇದ್ದರೆ ಕೈಪಿಡಿಯಲ್ಲಿ ಹೇಳಿದ ಉಷ್ಣತೆಗೆ ಗಾಡಿ ಬಂದ ಮೇಲೆ, ಸಮನೆಲದಲ್ಲಿ, ಸಾಮಾನ್ಯವಾಗಿ ಇಂಜಿನ್ ಓಡುತ್ತಿರುವಾಗಲೇ ನೋಡಬೇಕು. ಇಂಜಿನ್ ಆಯಿಲ್ ನೋಡುವಂತೆ ಆಫ್ ಮಾಡಿ ನೋಡಿದರೆ ಲೆಕ್ಕ ತಪ್ಪುತ್ತದೆ. ಈಗಿನ ಎಷ್ಟೋ ಗಾಡಿಗಳಲ್ಲಿ ಡಿಪ್‌ಸ್ಟಿಕ್ಕೇ ಇಲ್ಲ. ಕೆಳಗೆ ಒಂದು ಬೋಲ್ಟ್ ಬಿಚ್ಚಿ, ನಿಗದಿತ ಉಷ್ಣತೆಯಲ್ಲಿ ಎಣ್ಣೆ ಸಣ್ಣಗೆ ತೊಟ್ಟಿಕ್ಕಿದರೆ ಸರಿ ಎನ್ನುವ ಲೆಕ್ಕ. ಇದು ಲಿಫ್ಟ್ ಮತ್ತು ಸ್ಕ್ಯಾನರ್ ಇರುವ ಕಡೆ ಮಾಡಿಸುವ ಕೆಲಸ, ಕೆರೆ ಅಂಗಳದಲ್ಲಿ ಅಲ್ಲ.

ಜಾಸ್ತಿ ಹಾಕಿದರೂ ಕೆಡುಕೇ. ತಿರುಗುವ ಭಾಗಗಳು ಎಣ್ಣೆಯನ್ನು ನೊರೆ ಎಬ್ಬಿಸಿ, ಆ ನೊರೆಗೆ ಒತ್ತಡ ಕಟ್ಟಲಾಗದೆ ಮತ್ತೆ ಜಾರಾಟ, ಮತ್ತೆ ಶಾಖ. "ಒಂದರ್ಧ ಲೀಟರ್ ಜಾಸ್ತಿ ಇರಲಿ ಬಿಡಿ ಸಾರ್" ಎನ್ನುವ ಮಾತಿಗೆ ತಲೆಯಾಡಿಸಬೇಡಿ.

ಒಂದೆರಡು ಹನಿ ಬಿಳಿ ಕಾಗದದ ಮೇಲೆ ಹಾಕಿ ನೋಡಿ. ಬಹಳಷ್ಟು ಎಣ್ಣೆಗಳು ಹೊಸದಾಗಿದ್ದಾಗ ದಾಳಿಂಬೆ ರಸದ ಕೆಂಪು. ಕಂದಾದರೆ ವಯಸ್ಸಾಗಿದೆ. ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗಿ ಸುಟ್ಟ ವಾಸನೆಯಿದ್ದರೆ ಬೆಂದಿದೆ. ಹನಿಯ ನಡುವೆ ಕಪ್ಪು ತರಿ ಉಳಿದರೆ ಪ್ಲೇಟಿನ ಲೈನಿಂಗ್ ಉದುರುತ್ತಿದೆ. ಎಣ್ಣೆ ಬದಲಿಸುವುದಾದರೆ ಗಾಡಿ ತಯಾರಕರು ಹೇಳಿದ ದರ್ಜೆಯದ್ದೇ ಹಾಕಿ. "ಎಲ್ಲ ಗಾಡಿಗೂ ಆಗುತ್ತೆ" ಎಂಬ ಡಬ್ಬಿ ಬೇಡ. ಒಂದು ಸಲ ಬಸಿದರೆ ಅರ್ಧದಷ್ಟು ಹಳೆಯದು ಕನ್ವರ್ಟರ್‌ನಲ್ಲೇ ಉಳಿಯುತ್ತದೆ. ಬಸಿದು, ತುಂಬಿ, ಕೆಲವು ದಿನ ಓಡಿಸಿ, ಮತ್ತೆ ಬಸಿದು ತುಂಬುವುದು ನನಗೆ ಮೆಚ್ಚು. ಮಷೀನಿನ ಒತ್ತಡದಲ್ಲಿ ತೊಳೆಯುವುದು, ಅದೂ ಹಳೆಯ ಗೇರ್‌ಬಾಕ್ಸಿಗೆ, ನಾನು ಮಾಡಿಸಲಾರೆ.

ಹೊಸ ಎಣ್ಣೆಯಲ್ಲೂ ಜಾರಿದರೆ ಓಡಿಸುವುದು ನಿಲ್ಲಿಸಿ. ಬ್ರೇಕ್ ಒತ್ತಿ ಆಕ್ಸಿಲರೇಟರ್ ಪೂರ್ತಿ ತುಳಿದು ನೋಡುವ ಸ್ಟಾಲ್ ಪರೀಕ್ಷೆ ಮನೆಯಲ್ಲಿ ಮಾಡಬೇಡಿ. ಗಾಡಿ ಎಗರಿ ಯಾರಿಗಾದರೂ ಬಡಿಯಬಹುದು, ಹದಿನೈದು ಗೀಸರ್ ಲೆಕ್ಕವಂತೂ ಮೇಲೆ ಹೇಳಿಯೇ ಇದೆ.

ಸುಟ್ಟ ವಾಸನೆ, ಕೆಳಗೆ ಕೆಂಪು ಹನಿ

ವಾಸನೆ ಯಾವುದೆಂದು ಬೇರ್ಪಡಿಸಿ. ಬೆಲ್ಲದ ಪಾಕದಂತೆ ಸಿಹಿಯಾಗಿದ್ದರೆ ಕೂಲೆಂಟ್. ಇಳಿಜಾರು ಇಳಿದ ಮೇಲೆ, ಗಾಲಿಗಳ ಹತ್ತಿರ ಮೂಗಿಗೆ ಹೊಡೆದರೆ ಬ್ರೇಕ್. ಗಾಡಿಯ ನಡುವಿನಿಂದ ಕರಿದ ಎಣ್ಣೆ ಮತ್ತೆ ಕಾಯಿಸಿದ ಹಾಗೆ ಬಂದರೆ ಗೇರ್‌ಬಾಕ್ಸ್.

ರಾತ್ರಿ ಗಾಡಿ ಕೆಳಗೆ ರಟ್ಟು ಹಾಸಿಡಿ. ಹನಿ ಎಲ್ಲಿ ಬಿದ್ದಿದೆಯೆಂದು ಬೆಳಗ್ಗೆ ನೋಡಿ. ಮುಂಭಾಗದಲ್ಲಿ ಬಿದ್ದರೆ ಕೂಲರ್ ಅಥವಾ ಪೈಪಿನ ಜೋಡಣೆ, ಇಂಜಿನ್-ಗೇರ್‌ಬಾಕ್ಸ್ ಸೇರುವಲ್ಲಿ ಬಿದ್ದರೆ ಮುಂದಿನ ಸೀಲ್, ನಡುವೆ ಬಿದ್ದರೆ ಪ್ಯಾನಿನ ಗ್ಯಾಸ್ಕೆಟ್. ಗೇರ್‌ಬಾಕ್ಸಿನ ನೆತ್ತಿಯಿಂದ ಹರಿದು ಬಂದಿದ್ದರೆ ಒಳಗಿನ ಗಾಳಿ ಆಡಲು ಇರುವ ಬ್ರೀದರ್ ಕೊಳವೆಯಿಂದ ಉಕ್ಕಿದೆ: ಎಣ್ಣೆ ಅತಿ ಕಾದಿತ್ತು ಅಥವಾ ಜಾಸ್ತಿ ತುಂಬಿತ್ತು. ಸೈಲೆನ್ಸರ್ ಮೇಲೆ ಬೀಳುತ್ತಿದ್ದರೆ ಗಾಡಿ ಚಾಲೂ ಮಾಡಬೇಡಿ.

ನೀರು ದಾಟಿದ ಮೇಲೆ ಶುರುವಾಯಿತು

ಮಳೆಗಾಲದಲ್ಲಿ ಜಯಮಂಗಲಿಯ ಹರಿವು ದಾಟಿದವರು, ಕೆರೆ ಕೋಡಿ ನೀರಿನಲ್ಲಿ ಇಳಿದವರು ಇದನ್ನು ಓದಬೇಕು. ಕಾದ ಗೇರ್‌ಬಾಕ್ಸ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ಬ್ರೀದರ್‌ನಿಂದ ಉಸಿರೆಳೆದುಕೊಳ್ಳುತ್ತದೆ. ಬ್ರೀದರ್ ಬಾಯಿ ನೀರೊಳಗಿದ್ದರೆ ನೀರನ್ನೇ ಎಳೆಯುತ್ತದೆ. ಎಣ್ಣೆ ಆಗ ಹಾಲು ಬೆರೆಸಿದಂತೆ ಮಬ್ಬಾಗುತ್ತದೆ.

ನೀರಿಗೆ ಇಳಿಯದೆಯೂ ಎಣ್ಣೆ ಗುಲಾಬಿ ಬಣ್ಣದ ಲಸ್ಸಿಯಾಗಿದ್ದರೆ ರೇಡಿಯೇಟರ್ ಒಳಗಿನ ಸುರುಳಿ ಒಡೆದು ಕೂಲೆಂಟ್ ಬೆರೆತಿದೆ. ಕೂಲೆಂಟ್ ಡಬ್ಬಿಯಲ್ಲಿ ಎಣ್ಣೆ ತೇಲುತ್ತಿದೆಯೇ ನೋಡಿ. ಎರಡು ಸಂದರ್ಭದಲ್ಲೂ ಒಂದು ಕಿಲೋಮೀಟರ್ ಕೂಡ ಓಡಿಸಬೇಡಿ. ಪ್ಲೇಟಿಗೆ ಲೈನಿಂಗ್ ಹಿಡಿದಿರುವ ಅಂಟನ್ನು ನೀರು ಬಿಡಿಸುತ್ತದೆ. ಅದೇ ದಿನ ಬಸಿದು ತೊಳೆಸಿದವರ ಗೇರ್‌ಬಾಕ್ಸ್ ಉಳಿದಿದೆ. "ಮುಂದಿನ ವಾರ ನೋಡೋಣ" ಅಂದವರದು ಬಿಚ್ಚಬೇಕಾಗಿ ಬಂದಿದೆ. ಬ್ರೀದರ್ ಬಾಯಿಗೆ ಮಣ್ಣು ಕಟ್ಟಿದ್ದರೂ ಕಷ್ಟವೇ, ಒಳಗಿನ ಒತ್ತಡ ಸೀಲ್‌ಗಳನ್ನು ಹೊರಕ್ಕೆ ತಳ್ಳುತ್ತದೆ. ಕೊಳವೆ ಜೋಡಿಸಿ ಬಾಯಿಯನ್ನು ಬಾನೆಟ್ ಎತ್ತರಕ್ಕೆ ಒಯ್ಯುವುದು ಸಣ್ಣ ಖರ್ಚಿನ ಕೆಲಸ.

ದೀಪ ಹೊತ್ತುತ್ತದೆ, ಬೇರೆ ಯಾವ ತೊಂದರೆಯೂ ಇಲ್ಲ

ಬೆಳಗ್ಗೆ ತಣ್ಣಗಿನ ಗಾಡಿ ಚಾಲೂ ಮಾಡಿದೊಡನೆ ಹೊತ್ತಿ ಆರದೇ ಉಳಿದರೆ ಸೆನ್ಸರ್ ಅಥವಾ ವೈರಿನ ದೋಷ. ಕಳೆದ ವಾರ ನೀರು ದಾಟಿದ್ದರೆ ಕನೆಕ್ಟರ್ ಒಣಗಿಸಿ ನೋಡಿ. ಇಲಿ ಕಚ್ಚಿದೆಯೇ ನೋಡಿ. ಮನೆ ಪಕ್ಕ ಹುಲ್ಲಿನ ಬಣವೆ ಇದ್ದವರಿಗೆ ಇದು ಹೊಸದಲ್ಲ.

ಪ್ಯಾನ್ ಬಿಚ್ಚಿಸಿದ ದಿನ

ಎಣ್ಣೆ ಬದಲಿಸುವಾಗ ಹತ್ತಿರ ನಿಲ್ಲಿ. ತುಮಕೂರಿನಲ್ಲಿ ನಾನು ಹೋಗುವ ಭಾಯ್ ಪ್ಯಾನ್ ಇಳಿಸಿದ ಕೂಡಲೇ ಒಳಗಿನ ಅಯಸ್ಕಾಂತವನ್ನು ನನ್ನ ಕೈಗೆ ಕೊಡುತ್ತಾರೆ. "ನೀವೇ ನೋಡಿ ಸಾರ್, ಆಮೇಲೆ ನಾನು ಸುಳ್ಳು ಹೇಳಿದೆ ಅನ್ಬೇಡಿ." ಅದರ ಮೇಲೆ ನುಣ್ಣನೆಯ ಬೂದುಬಣ್ಣದ ಲೇಪ ಇದ್ದರೆ ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರು, ಹೊಳೆಯುವ ತುಣುಕು ಇದ್ದರೆ ಗೇರೋ ಬೇರಿಂಗೋ ಒಡೆಯುತ್ತಿದೆ. ಪ್ಯಾನಿನ ತಳದಲ್ಲಿ ಕಪ್ಪು ಕೆಸರು ದಪ್ಪಗಿದ್ದರೆ ಪ್ಲೇಟ್ ಸುಟ್ಟಿದೆ. ಕೊನೆಯ ಎರಡಕ್ಕೂ ಹೊಸ ಎಣ್ಣೆ ಸುರಿಯುವುದು ದುಡ್ಡು ದಂಡ. ಆಟೋಮ್ಯಾಟಿಕ್ ಬಿಚ್ಚಿ ಜೋಡಿಸಿ ಗೊತ್ತಿರುವವರ ಹತ್ತಿರವೇ ಹೋಗಬೇಕು. ಆಗ ಕೂಲರನ್ನೂ ಪೈಪನ್ನೂ ಬದಲಿಸಿ ಅಥವಾ ಪೂರ್ತಿ ತೊಳೆಸಿ, ಇಲ್ಲದಿದ್ದರೆ ಹಳೆಯ ಚೂರುಗಳೇ ಹೊಸ ಗೇರ್‌ಬಾಕ್ಸಿಗೆ ಹೋಗುತ್ತವೆ.

ಹೆಚ್ಚುವರಿ ಕೂಲರ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಪಾವಗಡದ ಬಿಸಿಲಲ್ಲಿ ಟ್ರೈಲರ್ ಎಳೆಯುವವರಿಗೆ, ದೊಡ್ಡ ಟೈರ್ ಹಾಕಿ ವಾರವಾರ ಮರಳಿಗೆ ಇಳಿಯುವವರಿಗೆ ಅದು ಬೇಕು. ಮೇಲಿನ ಎಲ್ಲ ಪರೀಕ್ಷೆ ಮುಗಿದ ಮೇಲೆ, ಪ್ಲೇಟ್ ನೆಟ್ಟಗಿದ್ದಾಗ. ವಾರಂಟಿ ಇನ್ನೂ ಇದ್ದರೆ ಮೊದಲು ಸರ್ವಿಸ್ ಸೆಂಟರ್‌ನಲ್ಲಿ ಬರಹದಲ್ಲಿ ಕೇಳಿಕೊಳ್ಳಿ.

ಗಾಡಿ ಎಳೆಸಬೇಕಾಗಿ ಬಂದರೆ

ಹಿಂದಕ್ಕೂ ಮುಂದಕ್ಕೂ ಹೋಗದಿದ್ದರೆ, ಎಣ್ಣೆ ಹಾಲಾಗಿದ್ದರೆ, ಒಳಗೆ ಕಡಕಡ ಸದ್ದಿದ್ದರೆ ಗಾಡಿ ಓಡಿಸಬೇಡಿ. ಇಂಜಿನ್ ಆಫ್ ಮಾಡಿ ಹಗ್ಗ ಕಟ್ಟಿ ಎಳೆದರೆ ಗಾಲಿ ತಿರುಗಿ ಗೇರ್‌ಬಾಕ್ಸ್ ತಿರುಗುತ್ತದೆ, ಪಂಪ್ ಮಾತ್ರ ತಿರುಗುವುದಿಲ್ಲ, ಒಣ ಬೇರಿಂಗ್ ಸುಡುತ್ತದೆ. ನಾಲ್ಕೂ ಗಾಲಿ ಮೇಲೆತ್ತುವ ಫ್ಲಾಟ್‌ಬೆಡ್ ಲಾರಿಯನ್ನೇ ಕರೆಸಿ. ಅದು ಬರುವ ರಸ್ತೆವರೆಗೆ ಎಳೆಯಲೇಬೇಕಾದರೆ, ಕೈಪಿಡಿ ಒಪ್ಪುವ ಗಾಡಿಗಳಲ್ಲಿ ಟ್ರಾನ್ಸ್‌ಫರ್ ಕೇಸನ್ನು ನ್ಯೂಟ್ರಲ್‌ಗೆ ಹಾಕಿ, ನಡಿಗೆಯ ವೇಗದಲ್ಲಿ, ಸ್ಟಿಯರಿಂಗ್‌ನಲ್ಲಿ ಒಬ್ಬರನ್ನು ಕೂರಿಸಿಕೊಂಡು ಎಳೆಯಿರಿ. ಇಂಜಿನ್ ಇಲ್ಲದೆ ಬ್ರೇಕೂ ಸ್ಟಿಯರಿಂಗೂ ಕಲ್ಲಿನಂತೆ ಬಿಗಿಯಾಗಿರುತ್ತವೆಂದು ಅವರಿಗೆ ಮೊದಲೇ ಹೇಳಿ. ಹಗ್ಗದ ಸಾಲಿನಲ್ಲಿ ಯಾರೂ ನಿಲ್ಲಬಾರದು.

ಹೊರಡುವ ಮುನ್ನವೇ ಲಾರಿ ಬರಬಲ್ಲ ದಾರಿ ಯಾವುದೆಂದು ನೋಡಿಟ್ಟುಕೊಳ್ಳಿ. ಮಧುಗಿರಿ ತಾಲೂಕಿನ ಮೈದನಹಳ್ಳಿಯ ಕೃಷ್ಣಮೃಗ ಮೀಸಲಿನಂಥ ಹುಲ್ಲುಗಾವಲಿಗೆ, ಅರಣ್ಯ ಇಲಾಖೆಯ ಗಡಿಯೊಳಗೆ ಅನುಮತಿಯಿಲ್ಲದೆ ನುಗ್ಗಿ ಅಲ್ಲಿ ಗಾಡಿ ಕೆಟ್ಟು ನಿಂತರೆ, ಗೇರ್‌ಬಾಕ್ಸಿನ ಬಿಲ್ಲಿಗಿಂತ ಮೊದಲು ಬೇರೆ ಕಾಗದ ಕೈಗೆ ಬರುತ್ತದೆ.